ವರದಿಯಲ್ಲಿ ಅಮೀಬಾ ಎಂದಿದ್ದರೆ ಅದು ಯಾವ ಅಮೀಬಾ?

ಮಲ ಪರೀಕ್ಷೆಯ ವರದಿಯಲ್ಲಿ ‘ಎಂಟಮೀಬಾ ಹಿಸ್ಟಾಲಿಟಿಕಾ ಸಿಸ್ಟ್ ಕಂಡುಬಂದಿದೆ’ ಎಂಬ ಸಾಲಿದ್ದರೆ ಮನೆಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. “ಪೋರನ ಹೊಟ್ಟ್ಯಾಗ ಅಮೀಬಾ ಅದಂತ್ರಿ ಹಕೀಮ್ ಸಾಬ್” ಎಂದು ಕಲಬುರಗಿಯಲ್ಲೂ ಕಮಲಾಪುರದಲ್ಲೂ ತಾಯಂದಿರು ಗಾಬರಿಯಿಂದ ದವಾಖಾನೆಗೆ ಬರುತ್ತಾರೆ. ಕೆಲವರು ಬರುವುದೇ ಇಲ್ಲ. ಮೆಡಿಕಲ್ ಅಂಗಡಿಯಿಂದ ಮೆಟ್ರೊನಿಡಜೋಲ್ ತಂದು ಎರಡು ದಿನ ನುಂಗಿಸಿ ಬಿಡುತ್ತಾರೆ. ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷೆ, ಅದೇ ಸಾಲು, ಅದೇ ಮಾತ್ರೆ. ಈ ರೂಢಿಯನ್ನು ನಾವು ಬಿಡಬೇಕು.

ಏಕೆಂದರೆ ಸೂಕ್ಷ್ಮದರ್ಶಕದಡಿ ಕಾಣುವ ಆ ನಾಲ್ಕು ಬೀಜದ ದುಂಡನೆಯ ಸಿಸ್ಟ್ ಒಂದೇ ಜೀವಿಯದಾಗಿರಬೇಕಿಲ್ಲ. ಹಿಸ್ಟಾಲಿಟಿಕಾ ಕರುಳಿನ ಗೋಡೆಯನ್ನು ಕೊರೆದು ರಕ್ತಭೇದಿ ತರುತ್ತದೆ, ಯಕೃತ್ತಿಗೆ ಹೋಗಿ ಕೀವುಗಟ್ಟಿಸುತ್ತದೆ. ಎಂಟಮೀಬಾ ಡಿಸ್ಪಾರ್ ಅದರದೇ ಪ್ರತಿರೂಪದಂತಿದ್ದರೂ ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದೆ ಕರುಳಿನಲ್ಲಿ ಇದ್ದು ಹೋಗುತ್ತದೆ. ಇವು ಎರಡು ಬೇರೆ ಜಾತಿಗಳೆಂದು ಫ್ರಾನ್ಸಿನ ಎಮಿಲ್ ಬ್ರಂಪ್ಟ್ 1925ರಲ್ಲೇ ಹೇಳಿದ್ದರು. ಬಹುತೇಕರು ಒಪ್ಪಲಿಲ್ಲ. ಕಣ್ಣಿಗೆ ಒಂದೇ ರೀತಿ ಕಾಣುವುದನ್ನು ಎರಡೆಂದು ನಂಬುವುದು ಹೇಗೆ? ಕೊನೆಗೆ ಕಿಣ್ವಗಳ ಹಾಗೂ ವಂಶವಾಹಿಗಳ ಅಧ್ಯಯನದ ಆಧಾರದ ಮೇಲೆ ಡೈಮಂಡ್ ಮತ್ತು ಕ್ಲಾರ್ಕ್ 1993ರಲ್ಲಿ ಇವನ್ನು ಬೇರ್ಪಡಿಸಿದರು. ಒಂದೇ ಪೂರ್ವಜನಿಂದ ಬಂದ ದಾಯಾದಿಗಳು ಇವು, ಆದರೆ ಯಾವಾಗಲೋ ಕವಲೊಡೆದು ಗುಣದಲ್ಲಿ ದೂರವಾಗಿವೆ. ನಮ್ಮ ಯುನಾನಿಯಲ್ಲಿ ಮಿಜಾಜ್ ನೋಡದೆ ಔಷಧ ಕೊಡಬೇಡಿ ಎನ್ನುತ್ತೇವಲ್ಲ, ಇಲ್ಲಿ ರೋಗಿಯ ಜೊತೆಗೆ ಕ್ರಿಮಿಯ ಕುಲವನ್ನೂ ನೋಡಬೇಕಾಗಿದೆ.

1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಇದನ್ನೇ ಹೇಳಿದರು: ಡಿಸ್ಪಾರ್‌ಗೆ ಚಿಕಿತ್ಸೆ ಬೇಡ, ಹಿಸ್ಟಾಲಿಟಿಕಾ ಎಂದು ಖಚಿತವಾದರೆ ಲಕ್ಷಣಗಳಿಲ್ಲದಿದ್ದರೂ ಚಿಕಿತ್ಸೆ ಬೇಕು. ಯಾವುದೆಂದು ತಿಳಿಯಲು ಮಲದ ಆಂಟಿಜೆನ್ ಪರೀಕ್ಷೆ ಅಥವಾ ಪಿಸಿಆರ್ ಬೇಕು. ಮಗು ಆಡಿಕೊಂಡು, ಉಂಡುಕೊಂಡು ಇದ್ದರೆ ಮಾತ್ರೆಗೆ ಮೊದಲು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಇನ್ನೊಂದು ವಿಷಯ. ಮೆಟ್ರೊನಿಡಜೋಲ್ ಕರುಳಿನ ಗೋಡೆ ಹೊಕ್ಕ ಅಮೀಬಾವನ್ನು ಕೊಲ್ಲುತ್ತದೆ, ಕರುಳಿನೊಳಗೆ ಉಳಿದ ಸಿಸ್ಟ್‌ಗಳ ಮೇಲೆ ಅದರ ಪ್ರಭಾವ ಕಡಿಮೆ. ಅವಕ್ಕೆ ಬೇರೆ ಔಷಧವಿದೆ. ಅರ್ಧ ಕೋರ್ಸ್ ನುಂಗಿದವರಿಗೆ ಎರಡೂ ಸಿಗುವುದಿಲ್ಲ.

ಇದನ್ನು ಓದಿ ನಿರ್ಲಕ್ಷ್ಯಕ್ಕೂ ಇಳಿಯಬೇಡಿ. ಮಲದಲ್ಲಿ ರಕ್ತ, ಜ್ವರ, ಬಲಪಕ್ಕೆಯ ಕೆಳಗೆ ನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪೇಚಿಶ್‌ಗೆ ಇಸಬ್‌ಗೋಲ್, ಬಿಲ್ವದ ಹಣ್ಣು ನಾನೂ ಕೊಡುತ್ತೇನೆ, ಹೊಟ್ಟೆಗೆ ಹಿತ ಕೊಡುತ್ತವೆ. ಯಕೃತ್ತಿನ ಕೀವಿಗೆ ಅವು ಔಷಧವಲ್ಲ. ಹಾಗೆಂದು ಹೇಳುವ ಹಕೀಮರಿದ್ದರೆ ನಂಬಬೇಡಿ.

ಬಕ್ರೀದ್ ಸಮಯದಲ್ಲಿ ಆಡಿನಿಂದ ಮಕ್ಕಳಿಗೆ ಭೇದಿ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಜಿಯಾರ್ಡಿಯಾ ಎಂಬ ಇನ್ನೊಂದು ಏಕಕೋಶ ಜೀವಿಯಲ್ಲೂ ಒಳಜಾತಿಗಳಿವೆ. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವುದು ‘ಎ’ ಮತ್ತು ‘ಬಿ’, ಆಡು, ಕುರಿ, ದನಗಳಲ್ಲಿ ಹೆಚ್ಚಾಗಿ ‘ಇ’. ಆಡಿಗಿಂತ ಮನುಷ್ಯರ ಮಲ ಸೇರಿದ ನೀರಿಗೇ ಹೆಚ್ಚು ಹೆದರಬೇಕು. ನಲ್ಲಿಯ ನೀರಿಗೆ ಹಾಕುವ ಕ್ಲೋರಿನ್ ಅಮೀಬಾದ ಸಿಸ್ಟನ್ನು ಕೊಲ್ಲುತ್ತದೆಂಬ ಭರವಸೆ ಇಲ್ಲ, ಕುದಿಸಿದರೆ ಸಾಯುತ್ತದೆ. ಕಮಲಾಪುರದ ಕೆಂಪು ಬಾಳೆಗೆ ಸಿಪ್ಪೆಯ ರಕ್ಷಣೆಯಿದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಉಳ್ಳಾಗಡ್ಡಿ ಸೊಪ್ಪಿಗೆ ಅದಿಲ್ಲ, ಚೆನ್ನಾಗಿ ತೊಳೆಯಿರಿ. ಇಸ್ತಿಂಜಾದ ನಂತರ ಬರೀ ನೀರಿನಲ್ಲಿ ಕೈ ತೊಳೆದರೆ ಸಾಲದು, ಸಾಬೂನು ಬೇಕು. ಮನೆಗೆ ಅಡುಗೆ ಮಾಡುವವರ ಉಗುರನ್ನೂ ಒಮ್ಮೆ ನೋಡಿ.