ಹಾಲಿನ ಪ್ರೋಟೀನೂ ಹಸಿ ಹಾಲಿನ ಅಪಾಯವೂ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳ ಕನ್ನಡ ಕುಟುಂಬಗಳವರು ವೈದ್ಯನಾದ ನನ್ನನ್ನು ಪದೇಪದೇ ಕೇಳುವುದುಂಟು: "ಹಾಲಿನಲ್ಲಿ ವೈರಸ್ ತಡೆಯುವ ಪ್ರೋಟೀನ್ ಇದೆಯಂತೆ, ಕಾಯಿಸಿದರೆ ಕೆಡುತ್ತದಂತೆ. ಮಕ್ಕಳಿಗೆ ಹಸಿ ಹಾಲನ್ನೇ ಕೊಡಬಹುದೇ, ಡಾಕ್ಟ್ರೇ?" ಟೆಕ್ಸಾಸಿನಲ್ಲಿ ಪರವಾನಗಿ ಪಡೆದ ಡೈರಿಗಳು ಹಸಿ ಹಾಲನ್ನು ನೇರವಾಗಿ ಗ್ರಾಹಕರಿಗೆ ಮಾರಬಹುದು. ಆದ್ದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಪ್ರಶ್ನೆಯ ಮೊದಲರ್ಧದಲ್ಲಿ ಸತ್ಯವಿದೆ. ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನನ್ನು ಹಸುವಿನ ಹಾಲಿನಲ್ಲಿ 1939ರಲ್ಲಿಯೇ ಗುರುತಿಸಲಾಯಿತು. ಅದು ಕಬ್ಬಿಣದ ಅಂಶವನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾಗಳಿಗೆ ದಕ್ಕದಂತೆ ಮಾಡುತ್ತದೆ. ಹಲವು ವೈರಸ್ಸುಗಳು ಜೀವಕೋಶದ ಹೊರಮೈಯಲ್ಲಿರುವ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಯ ಸರಪಳಿಗೆ ಮೊದಲು ಅಂಟಿಕೊಳ್ಳುತ್ತವೆ. ಲ್ಯಾಕ್ಟೋಫೆರಿನ್ ಆ ತಾಣವನ್ನು ತಾನೇ ಆಕ್ರಮಿಸುತ್ತದೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಹರ್ಪಿಸ್ ಮತ್ತು ಕೊರೊನಾ ವೈರಸ್ಸುಗಳನ್ನು ಅದು ತಡೆದಿದೆ. ನಮ್ಮ ಊರುಗಳಲ್ಲಿ ಗಿಣ್ಣು ಮಾಡುವ ಮೊದಲ ಹಾಲಿನಲ್ಲಿ ಇದು ಹೇರಳ. ದಿನನಿತ್ಯದ ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 0.1 ಗ್ರಾಂ ಮಾತ್ರ.

ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯದೇಹದಲ್ಲಿಯೂ ಕಾಣಬೇಕೆಂದಿಲ್ಲ. ಅವಧಿಗೆ ಮುನ್ನ ಹುಟ್ಟಿದ 2,203 ಶಿಶುಗಳನ್ನು ಕುರಿತ ಬ್ರಿಟನ್ನಿನ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹಸುವಿನ ಲ್ಯಾಕ್ಟೋಫೆರಿನ್ ಕೊಟ್ಟರೂ ಶಿಶುಗಳ ಸೋಂಕು ಕಡಿಮೆಯಾಗಲಿಲ್ಲ. ಅಲ್ಲಿ ಪರೀಕ್ಷಿಸಿದ್ದು ಮುಖ್ಯವಾಗಿ ಬ್ಯಾಕ್ಟೀರಿಯಾದ ಸೋಂಕುಗಳನ್ನಾದರೂ, ಪಾಠ ಎಚ್ಚರಿಕೆಯದೇ.

ಇನ್ನೂ ಕಠಿಣವಾದ ಪಾಠ ಟೆಕ್ಸಾಸಿನಿಂದಲೇ ಬಂದಿತು. ಇಲ್ಲಿನ ಮತ್ತು ಕನ್ಸಾಸಿನ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಇರುವುದನ್ನು 2024ರ ಮಾರ್ಚ್ 25ರಂದು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತು. ರೋಗ ತಗಲಿದ ಹಸುಗಳ ಹಾಲಿನಲ್ಲಿ ವೈರಸ್ ಅಪಾರ ಪ್ರಮಾಣದಲ್ಲಿತ್ತು. ಉತ್ತರ ಟೆಕ್ಸಾಸಿನ ಡೈರಿಯೊಂದರಲ್ಲಿ ಅಂತಹ ಹಸುಗಳ ಹಸಿ ಹಾಲನ್ನೂ ಗಿಣ್ಣುಹಾಲನ್ನೂ ಕುಡಿದ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಲ್ಯಾಕ್ಟೋಫೆರಿನ್ ಸಮೃದ್ಧವಾಗಿರುವ ಗಿಣ್ಣುಹಾಲೂ ಅವುಗಳನ್ನು ಕಾಯಲಿಲ್ಲ. ಆ ವರ್ಷವೇ ಅಂಗಡಿಗಳ ಹಾಲನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದು ಮಾದರಿಯಲ್ಲಿ ವೈರಸ್ಸಿನ ಚೂರುಗಳಿದ್ದವು. ಜೀವಂತ ವೈರಸ್ ಇರಲಿಲ್ಲ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣ ತನ್ನ ಕೆಲಸ ಮಾಡಿತ್ತು.

ಬಿಸಿಗೆ ಪ್ರೋಟೀನಿನ ಸ್ವಲ್ಪ ಭಾಗ ಕೆಡುವುದು ನಿಜ. ಆ ಸಣ್ಣ ನಷ್ಟಕ್ಕಾಗಿ ಹಕ್ಕಿಜ್ವರ, ಸಾಲ್ಮೊನೆಲ್ಲಾ, ಇ-ಕೊಲೈಗಳ ಅಪಾಯವನ್ನು ಮಗುವಿನ ಲೋಟಕ್ಕೆ ಸುರಿಯಬೇಕೆ? ನವಜಾತ ಶಿಶುವಿಗೆ ತಾಯಿಯ ಮೊದಲ ಹಾಲು ಸಿಗಲಿ. ಮನೆಮಂದಿಗೆಲ್ಲ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯಾಗಲಿ. ಹಸುವಿನ ಹಾಲನ್ನು ನಮ್ಮ ಅಜ್ಜಿಯರು ಉಕ್ಕು ಬರುವವರೆಗೆ ಒಲೆಯ ಮುಂದೆ ಕಾದು ನಿಂತು ಇಳಿಸುತ್ತಿದ್ದರು. ಡಲ್ಲಾಸಿನಲ್ಲಿಯೂ ಅದೇ ಸರಿ.