ಮೈನೆರೆಯುವ ಮುನ್ನ

ತೀರ್ಥಹಳ್ಳಿಯ ಕಡೆಯ ವಾಚಕಿಯೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಹಿರಿಯ ಮಗಳಿಗೆ ಹನ್ನೊಂದು ವರ್ಷ ತುಂಬಿದೆ. ಜೂನ್ ತಿಂಗಳಿನಿಂದ ಊರ ಶಾಲೆಯನ್ನು ಬಿಟ್ಟು ಬಸ್ಸಿನಲ್ಲಿ ಪೇಟೆಯ ಶಾಲೆಗೆ ಹೋಗತಕ್ಕವಳು. "ಮುಟ್ಟಿನ ಸಂಗತಿಯನ್ನು ಅವಳಿಗೆ ಈಗಲೇ ಹೇಳಲೇ, ಆಗುವಾಗ ಆಗಲಿ ಎಂದು ಸುಮ್ಮನಿರಲೇ? ನಮ್ಮ ಕಾಲಕ್ಕೆ ಹಳೆಯ ಸೀರೆಯ ತುಂಡೇ ಗತಿಯಾಗಿತ್ತು. ಈಗ ಅಂಗಡಿಯಲ್ಲಿ ಹತ್ತು ಬಗೆ ಇವೆ; ಯಾವುದನ್ನು ಕೊಡಬೇಕೋ ತೋರದು" ಎಂದು ಅವರು ಕೇಳಿರುವರು. ಕಾಗದದಲ್ಲಿ ಹೆಸರಿಲ್ಲ. ಹೆಸರಿಲ್ಲದ ಕಾಗದಗಳಿಗೆ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿಲ್ಲವಾದರೂ, ಈ ವಿಷಯದಲ್ಲಿ ನಮ್ಮ ಸೋದರಿಯರು ಹೆಸರು ಬರೆಯಲು ಏಕೆ ಹಿಂಜರಿಯುವರೆಂಬುದನ್ನು ಬಲ್ಲೆವಾದ ಕಾರಣ, ಈ ಸಲ ಆ ನಿಯಮವನ್ನು ಬದಿಗಿಟ್ಟಿದ್ದೇವೆ.

ಈಗಲೇ ಹೇಳತಕ್ಕದ್ದು, ಅದರಲ್ಲಿ ಎರಡನೆಯ ಮಾತಿಲ್ಲ. ಬಹುಮಂದಿ ಬಾಲಿಕೆಯರು ಹನ್ನೊಂದರಿಂದ ಹದಿನಾಲ್ಕು ವರ್ಷದೊಳಗೆ ಮೈನೆರೆಯುವರು. ಒಂಬತ್ತು ಹತ್ತು ವರ್ಷಕ್ಕೇ ನೆರೆಯುವವರೂ ಉಂಟು. ಎದೆಯ ಬೆಳವಣಿಗೆ ಮೊದಲಾದ ಎರಡು ಮೂರು ವರ್ಷಗಳಿಗೆ ಮೊದಲ ಮುಟ್ಟು ಕಾಣಿಸುವುದು ಸಾಮಾನ್ಯ. ಅದಕ್ಕೆ ಕೆಲವು ತಿಂಗಳು ಮುಂಚಿತವಾಗಿ ಒಳ ಉಡುಪಿನಲ್ಲಿ ಬಿಳಿಯ ತೇವ ಕಾಣಿಸತೊಡಗುವುದು. ಈ ಗುರುತು ಕಂಡಮೇಲೆ ತಾಯಿ ಒಂದು ದಿನವೂ ತಡಮಾಡಕೂಡದು. ಏನೂ ಅರಿಯದ ಹುಡುಗಿ ಶಾಲೆಯ ಬೆಂಚಿನ ಮೇಲೆ ಕುಳಿತಿರುವಾಗ ಮೊದಲ ಬಾರಿಗೆ ರಕ್ತವನ್ನು ಕಂಡಳೆಂದರೆ, ತನಗೆ ಏನೋ ದೊಡ್ಡ ರೋಗವಾಯಿತೆಂದೋ, ತಾನೇನೋ ತಪ್ಪು ಮಾಡಿದೆನೆಂದೋ ನಡುಗುವಳು. ಆ ಭಯದಿಂದ ಶಾಲೆಯ ಮೇಲೆಯೇ ಅವಳಿಗೆ ಬೇಸರ ಹುಟ್ಟಬಹುದು.

ಹೇಳುವ ಬಗೆ ಸರಳವಾಗಿರಲಿ. ಗರ್ಭಕೋಶದ ಒಳಗೆ ತಿಂಗಳು ತಿಂಗಳೂ ಒಂದು ಮೃದುವಾದ ಪದರ ಬೆಳೆಯುವುದೆಂದೂ, ಬೇಡವಾದಾಗ ಅದು ಸ್ವಲ್ಪ ರಕ್ತದೊಡನೆ ಕಳಚಿ ಬರುವುದೆಂದೂ, ಇದು ಗಾಯವಲ್ಲವೆಂದೂ ತಿಳಿಸಿದರೆ ಸಾಕು. ಮೊದಲ ಸಲ ಕೆಂಪಾಗಿಯೇ ಇರಬೇಕೆಂದಿಲ್ಲ. ಕಂದು ಬಣ್ಣದ ಕಲೆಯಷ್ಟೇ ಇರಬಹುದು. ನೋಡುವುದಕ್ಕೆ ಬಹಳ ಹೋದಂತೆ ತೋರಿದರೂ ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30 ರಿಂದ 40 ಮಿಲಿಲೀಟರು, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು ಮಾತ್ರ. ಎರಡರಿಂದ ಏಳು ದಿನ ಇರಬಹುದು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುತ್ತಲೇ ಇರುವುದು. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಆದ್ದರಿಂದ ಗೋಡೆಯ ಪಂಚಾಂಗದ ಹಾಳೆಯಲ್ಲಿ ಒಂದು ಚುಕ್ಕೆಯಿಟ್ಟುಕೊಳ್ಳುವ ಅಭ್ಯಾಸ ಮಾಡಿಸಬೇಕು. ತಂದೆಗೂ ಈ ಸಂಗತಿ ತಿಳಿದಿರಲಿ. ತಾಯಿ ಊರಿಗೆ ಹೋದ ದಿನವೇ ಮಗಳಿಗೆ ಬೇಕಾದೀತು. ಆಗ ಅಂಗಡಿಗೆ ಹೋಗಿ ಬರಬೇಕಾದವರು ಅವರೇ ತಾನೆ?

ಇನ್ನು ಯಾವುದನ್ನು ಕೊಡಬೇಕೆಂಬ ಪ್ರಶ್ನೆ. ಅಂಗಡಿಯಲ್ಲಿ ಯಾವುದು ಶ್ರೇಷ್ಠವೆಂದು ವಿಚಾರಿಸುವುದಕ್ಕೆ ಮೊದಲು, ಹುಡುಗಿ ಅದನ್ನು ಎಲ್ಲಿ ಬದಲಾಯಿಸುವಳು, ಎಲ್ಲಿ ಒಗೆಯುವಳು, ಎಲ್ಲಿ ಒಣಗಿಸುವಳು, ಎಲ್ಲಿ ಹಾಕುವಳು ಎಂಬುದನ್ನು ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯ. ಶಾಲೆಗೆ ಸೇರಿಸಲು ಹೋದ ದಿನ ತಾಯಿಯು ಹೆಡ್‌ಮಾಸ್ತರರ ಕೊಠಡಿಯನ್ನು ನೋಡಿ ಬಂದರೆ ಸಾಲದು. ಹೆಣ್ಣುಮಕ್ಕಳ ಶೌಚಗೃಹವನ್ನೂ ನೋಡಿ ಬರಬೇಕು. ಬಾಗಿಲಿಗೆ ಒಳಗಿನಿಂದ ಅಗುಳಿ ಇದೆಯೇ? ನಲ್ಲಿಯಲ್ಲಿ ನೀರು ಬರುವುದೇ? ಮುಚ್ಚಳವಿರುವ ಕಸದ ಡಬ್ಬ ಉಂಟೇ? ಇವು ಇಲ್ಲದಿದ್ದರೆ ಎಷ್ಟು ಬೆಲೆಯ ಸಾಮಾನನ್ನು ಕೊಂಡು ಕೊಟ್ಟರೂ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಒಂದನ್ನೇ ಇಟ್ಟುಕೊಂಡಿರುವಳು, ನೀರು ಕುಡಿಯುವುದನ್ನೂ ಬಿಡುವಳು. ನಾಲ್ಕು ಮಂದಿ ತಾಯಂದಿರು ಒಟ್ಟಾಗಿ ಕೇಳಿದರೆ ಒಂದು ಅಗುಳಿಯನ್ನು ಹಾಕಿಸದ ಶಾಲೆ ಇರಲಾರದು.

ಬಟ್ಟೆಯ ವಿಚಾರದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ರಿಂದ 24 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧ ಮಂದಿ ಬಟ್ಟೆಯನ್ನು ಬಳಸುವುದಾಗಿ ಹೇಳಿದರು. ಅದೇ ಸಮೀಕ್ಷೆಯು ಬಟ್ಟೆಯನ್ನು ಆರೋಗ್ಯಕರ ಸಾಧನಗಳ ಪಟ್ಟಿಯಿಂದ ಹೊರಗಿಟ್ಟಿತು. ನಮಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಚೊಕ್ಕಟವಾದ ಹತ್ತಿಯ ಬಟ್ಟೆಯಲ್ಲಿ ದೋಷವೇನೂ ಇಲ್ಲ. ದೋಷವಿರುವುದು ಅದನ್ನು ಒಣಗಿಸುವ ರೀತಿಯಲ್ಲಿ. ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಲಿನ ಮೂಲೆಯಲ್ಲಿಯೋ, ಲಂಗದ ಅಡಿಯಲ್ಲಿಯೋ, ಮಂಚದ ಕೆಳಗೋ ಅಡಗಿಸಿ ಒಣಗಿಸಿದ ಬಟ್ಟೆ ಒಣಗುವುದೇ ಇಲ್ಲ. ಆ ತೇವದಲ್ಲಿ ಬೂಷ್ಟು ಹಿಡಿಯುವುದು. ಅದನ್ನೇ ಮತ್ತೆ ಧರಿಸಿದರೆ ತುರಿಕೆ, ಹುಣ್ಣು, ಸೋಂಕು. ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಯಿಸಿ (ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಳ್ಳುವುದು), ಸಾಬೂನಿನಿಂದ ಒಗೆದು, ಇತರ ಬಟ್ಟೆಗಳ ಸಾಲಿನಲ್ಲಿಯೇ ಬಿಸಿಲಿಗೆ ಹರವಬೇಕು. ನೋಡಿದವರು ನೋಡಲಿ. ಗಂಡಸರ ಬನಿಯನ್ನು ಹಗ್ಗದ ಮೇಲೆ ಹಾರಾಡಬಹುದಾದರೆ ಇದಕ್ಕೇನು ಅಡ್ಡಿ?

ಆದರೆ ಆಷಾಢದ ಮಳೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಮಲೆನಾಡಿನಲ್ಲಿ ವಾರಗಟ್ಟಲೆ ಹೊದಿಕೆಯೇ ಒಣಗದು. ಬಚ್ಚಲೊಲೆಯ ಮೇಲುಗಡೆ ಕಟ್ಟಿದ ಹಗ್ಗವೇ ಆಗ ಗತಿ. ಅಲ್ಲಿ ಒಣಗಿದುದನ್ನು ಬಿಸಿ ಇಸ್ತ್ರಿ ಹಾಕಿ ಪೂರ್ತಿ ಆರಿಸಿಯೇ ಎತ್ತಿಡಬೇಕು. ಇಷ್ಟು ಅನುಕೂಲವಿಲ್ಲದ ಮನೆಯಲ್ಲಿ ಮಳೆಗಾಲ ಮುಗಿಯುವವರೆಗೆ ಬಟ್ಟೆಯನ್ನು ಬಿಡುವುದೇ ಮೇಲು.

ಅಂಗಡಿಯ ಪ್ಯಾಡಿನೊಳಗೆ ಇರುವುದು ಮರದ ತಿರುಳಿನ ನಾರು ಹಾಗೂ ನೀರನ್ನು ಹೀರಿ ಲೋಳೆಯಾಗುವ ಒಂದು ಪುಡಿ. ಅಡಿಯಲ್ಲಿ ಸೋರದಂತೆ ಪ್ಲಾಸ್ಟಿಕಿನ ಹಾಳೆ. ಮೊದಲಿಗೆ ಸುವಾಸನೆ ಬೆರೆಸದ, ಮೇಲ್ಪದರ ಮೃದುವಾಗಿರುವ, ಪಕ್ಕದಲ್ಲಿ ರೆಕ್ಕೆಯಿರುವ ಸಾಮಾನ್ಯ ಅಳತೆಯದು ಸಾಕು. ರಾತ್ರಿಗೆ ಸ್ವಲ್ಪ ಉದ್ದನೆಯದು. ಎಷ್ಟು ಹೀರಿದರೂ ಹೀರಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಲೇಬೇಕು. ಬೆಲೆಗೆ ಅಂಜಬೇಕಾದುದಿಲ್ಲ. ಕೇಂದ್ರ ಸರ್ಕಾರದ ಜನೌಷಧಿ ಅಂಗಡಿಗಳಲ್ಲಿ 2019 ರ ಆಗಸ್ಟಿನಲ್ಲಿ ಒಂದು ಪ್ಯಾಡಿನ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಲಾಯಿತು. ನಮ್ಮ ರಾಜ್ಯದ ‘ಶುಚಿ’ ಯೋಜನೆ 10 ರಿಂದ 19 ವರ್ಷದ ಹೆಣ್ಣುಮಕ್ಕಳಿಗೆ ಉಚಿತವಾಗಿ ಹಂಚುವುದಕ್ಕೆಂದೇ ಏರ್ಪಟ್ಟದ್ದು. ನಡುವೆ ಕೆಲವು ವರ್ಷ ನಿಂತು 2024 ರಲ್ಲಿ ಮತ್ತೆ ಮೊದಲಾಯಿತು. ಶಾಲೆಯಲ್ಲಿ ಕೇಳಿ ನೋಡಬೇಕು. ಅಂಗಡಿಯವರು ಇದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಚೀಲಕ್ಕೆ ತುರುಕಿ, ಕಳ್ಳಮಾಲಿನಂತೆ ಕೈಗೆ ಕೊಡುವ ಸಂಪ್ರದಾಯವೊಂದಿದೆ. ಅಕ್ಕಿ ಬೇಳೆಯೊಡನೆ ಅದೇ ಕೈಚೀಲದಲ್ಲಿ ಹಾಕಿಸಿಕೊಂಡು ಬರುವ ಗೃಹಿಣಿಯರನ್ನು ನಾವು ಮೆಚ್ಚುತ್ತೇವೆ.

ಒಳಗಿಡುವ ಸಿಲಿಕೋನಿನ ಕಪ್ಪಿಗೆ ಒಣಗಿಸುವ ತೊಂದರೆಯೂ ಇಲ್ಲ, ಕಸವೂ ಇಲ್ಲ. ಮುಟ್ಟು ಮುಗಿದಮೇಲೆ ಕುದಿಯುವ ನೀರಿನಲ್ಲಿ ಶುದ್ಧಿಮಾಡಿಟ್ಟರೆ ಒಂದೇ ಕಪ್ಪು ಹಲವು ವರ್ಷ ಬರುವುದು. ಮಳೆಸೀಮೆಗೆ ಅದು ಹೇಳಿಮಾಡಿಸಿದಂತಿದೆ. 2022 ರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಸರ್ಕಾರವೇ ಇದನ್ನು ಹುಡುಗಿಯರಿಗೆ ಪ್ರಯೋಗಾರ್ಥವಾಗಿ ಹಂಚಿತು. ಅದರಿಂದ ಕನ್ಯತ್ವ ಕೆಡುವುದೆಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೂ ಹನ್ನೊಂದು ವರ್ಷದ ಮಗುವಿಗೆ ತನ್ನ ದೇಹದ ಪರಿಚಯವೇ ಇನ್ನೂ ಆಗಿರುವುದಿಲ್ಲ. ಮುಂದೆ ಅವಳೇ ಬೇಕೆಂದಾಗ ನೋಡಬಹುದು.

ಆದಕಾರಣ ನಮ್ಮ ವಾಚಕಿಗೆ ನಾವು ಹೇಳುವುದೇನೆಂದರೆ: ಶಾಲೆಗೆ ಪ್ಯಾಡು, ಮನೆಯಲ್ಲಿ, ಬಿಸಿಲಿರುವ ತಿಂಗಳುಗಳಲ್ಲಿ, ಮಗಳಿಗೆ ಇಷ್ಟವಿದ್ದರೆ ಬಟ್ಟೆ. ಎರಡು ಬಗೆಯ ಪ್ಯಾಡಿನ ಸಣ್ಣ ಕಟ್ಟುಗಳನ್ನು ತಂದು ಅವಳ ಮುಂದಿಡಿರಿ. ಕಾಗದವನ್ನು ಬಿಡಿಸಿ, ಅಂಟಿರುವ ಭಾಗವನ್ನು ಒಳ ಉಡುಪಿಗೆ ಒತ್ತಿ, ಒಂದು ಸಂಜೆ ಧರಿಸಿ ಓಡಾಡಿ ನೋಡಲಿ. ಒಂದು ಬಟ್ಟಲು ನೀರನ್ನು ಮೇಲೆ ಹೊಯ್ದು ಹೀರುವ ಚಂದವನ್ನೂ ನೋಡಲಿ. ಯಾವುದು ಹಿತವೆಂದು ಅವಳೇ ಹೇಳುವಳು. ಬಳಿಕ ಶಾಲೆಯ ಚೀಲದಲ್ಲಿ ಒಂದು ಸಣ್ಣ ಬಟ್ಟೆಯ ಸಂಚಿ: ಎರಡು ಪ್ಯಾಡು, ಒಂದು ಒಳ ಉಡುಪು, ಸಾಬೂನಿನ ಚೂರು, ಹಳೆಯ ಪತ್ರಿಕೆಯ ಎರಡು ಹಾಳೆ.

ಆರತಿಯ ವಿಚಾರವನ್ನೂ ಕಾಗದದ ಕೊನೆಗೆ ಕೇಳಿದ್ದಾರೆ. ಚಿಗಳಿಯುಂಡೆ, ಕೊಬ್ಬರಿ, ತುಪ್ಪ ಇವುಗಳಿಗೆ ನಮ್ಮ ಆಕ್ಷೇಪಣೆಯಿಲ್ಲ. ಮಗಳು ಒಪ್ಪಿದರೆ ಆರತಿಯೂ ಆಗಲಿ. ಊರೆಲ್ಲ ಕರೆದು ಕೂರಿಸುವುದು ಅವಳಿಗೆ ನಾಚಿಕೆಯಾದರೆ ಬೇಡ. ಹೊರಗೆ ಕೂರಿಸುವುದು ಮಾತ್ರ ಸರ್ವಥಾ ಕೂಡದು. ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಈ ನಾಡಿನ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರು. ಹುಡುಗಿ ತಲೆಗೆ ಸ್ನಾನ ಮಾಡಬಹುದು, ಆಟವಾಡಬಹುದು, ಉಪ್ಪಿನಕಾಯಿಯ ಜಾಡಿಯನ್ನೂ ಮುಟ್ಟಬಹುದು. ಹೊಟ್ಟೆನೋವಿಗೆ ಬಿಸಿನೀರಿನ ಚೀಲ ಹಿತ. ಊಟದಲ್ಲಿ ಸೊಪ್ಪು, ಕಾಳು, ಮೇಲೊಂದು ಹೋಳು ನಿಂಬೆ ಇರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಾಚೆಗೆ ಎಸೆಯದಂತೆ ನೋಡಿಕೊಳ್ಳಬೇಕು.

ಕೆಲವು ಸಂದರ್ಭಗಳಲ್ಲಿ ಡಾಕ್ಟರರನ್ನು ಕಾಣಲೇಬೇಕು: ಏಳು ದಿನ ಮೀರಿ ಹೋಗುತ್ತಿದ್ದರೆ, ಗಂಟೆಗೊಂದರಂತೆ ಪ್ಯಾಡು ತೊಯ್ಯುತ್ತಿದ್ದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ, ಒಮ್ಮೆ ಬಂದು ಮೂರು ತಿಂಗಳು ಬಾರದಿದ್ದರೆ, ಹದಿನೈದು ತುಂಬಿದರೂ ನೆರೆಯದಿದ್ದರೆ. "ಮದುವೆಯಾದಮೇಲೆ ಸರಿಹೋಗುವುದು" ಎಂದು ಹೇಳುವ ಹಿರಿಯರ ಮಾತನ್ನು ಕೇಳಿ ಕೂರಬಾರದು.

ಬಳಸಿದ ಪ್ಯಾಡನ್ನು ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಬೇರೆ ಕಸದೊಡನೆ ಬೆರೆಸದೆ ಪಂಚಾಯತಿಯ ಗಾಡಿಗೆ ಕೊಡಬೇಕು. ಶೌಚದ ಗುಂಡಿಗೆ ಹಾಕಿದರೆ ಕೊಳವೆ ಕಟ್ಟುವುದು, ಬಚ್ಚಲೊಲೆಗೆ ಹಾಕಿದರೆ ಪ್ಲಾಸ್ಟಿಕಿನ ವಿಷದ ಹೊಗೆ ಮನೆಯನ್ನು ತುಂಬುವುದು. ಗಾಡಿ ಬಾರದ ಒಂಟಿ ಮನೆಗಳಲ್ಲಿ ಇದೇ ದೊಡ್ಡ ತೊಡಕು. ನಾವು ಬಟ್ಟೆಯ ಪಕ್ಷವನ್ನು ಪೂರ್ತಿ ಬಿಡದಿರುವುದಕ್ಕೆ ಅದೂ ಒಂದು ಕಾರಣ. ಶೃಂಗೇರಿ, ಆಗುಂಬೆ, ಸೋಮವಾರಪೇಟೆಗಳ ಕಡೆಯ ಗೃಹಿಣಿಯರು ಮಳೆಗಾಲದಲ್ಲಿ ಬಟ್ಟೆಯನ್ನು ಒಣಗಿಸುವ ತಮ್ಮ ತಮ್ಮ ಉಪಾಯಗಳನ್ನು ಬರೆದು ಕಳುಹಿಸಿದರೆ ಶ್ರಾವಣದ ಸಂಚಿಕೆಯಲ್ಲಿ ಪ್ರಕಟಿಸುವೆವು. ಹೆಸರು ಬರೆಯದಿದ್ದರೂ ಸರಿಯೇ.