ಕುಲಾವಿ ಹೊಲಿದವಳ ಕೂಲಿ ಎಲ್ಲಿ?

ಸಂಪುಟ ವಿಸ್ತರಣೆಯ ಗುಸುಗುಸು ಶುರುವಾದರೆ ಸಾಕು, ಡೆಸ್ಕಿನವರಿಗೆ ಒಂದು ಗಾದೆ ನೆನಪಾಗುತ್ತದೆ: ಕೂಸು ಹುಟ್ಟುವ ಮುನ್ನ ಕುಲಾವಿ. ನಾವೂ ಆ ತಲೆಬರಹ ಕೊಟ್ಟಿದ್ದೇವೆ, ಒಂದಲ್ಲ ನಾಲ್ಕು ಸಲ. ಆದರೆ ಬಾಗಲಕೋಟೆ ಜಿಲ್ಲೆಯಲ್ಲಿ ಇಷ್ಟು ವರ್ಷ ಸುದ್ದಿ ಮಾಡಿಯೂ ಆ ಕುಲಾವಿ ಹೊಲಿಯುವವರು ಯಾರು, ಅವರಿಗೆ ಏನು ಗಿಟ್ಟುತ್ತದೆ ಎಂದು ಒಂದು ಕಾಲಂ ಬರೆದವರಲ್ಲ.

ಮೊನ್ನೆ ಭಾನುವಾರದ ಪುರವಣಿಯೊಂದರಲ್ಲಿ ಯುರೋಪಿನ ಹೆಂಗಸರ ಹಳೇ ಟೋಪಿಗಳ ಬಗ್ಗೆ ಅರ್ಧ ಪುಟ ಬಂದಿತ್ತು. ಆ ಟೋಪಿ ಮಾಡುವವರಿಗೆ ಇಂಗ್ಲಿಷಿನಲ್ಲಿ ಮಿಲಿನರ್ ಎನ್ನುತ್ತಾರೆ; ಇಟಲಿಯ ಮಿಲಾನ್ ಊರಿನಿಂದ ಬಂದ ಹೆಸರು. ಅಲ್ಲಿ ಊರಿನ ಹೆಸರು ಕಸುಬುದಾರರಿಗೆ ಅಂಟಿತು. ನಮ್ಮಲ್ಲಿ ಬಟ್ಟೆಗೆ ಅಂಟಿದೆ: ಇಳಕಲ್ ಸೀರೆ, ಗುಳೇದಗುಡ್ಡ ಖಣ. ಎರಡಕ್ಕೂ ಜಿಐ ಟ್ಯಾಗ್ ಇದೆ, ಸಂತೋಷ. ಆದರೆ ಆ ಗೌರವ ಮಗ್ಗದಿಂದ ಇಳಿದ ಬಟ್ಟೆಗೇ ಮುಗಿಯಿತು. ಅದೇ ಖಣ ಕತ್ತರಿಸಿ ಕೂಸಿನ ತಲೆಗೆ ಕುಲಾವಿ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಯುವ ಕೈಯನ್ನು ಕೇಳುವವರಿಲ್ಲ.

ಸುಲಭದ ಕೆಲಸವೇನಲ್ಲ ಇದು. ಚಪ್ಪಟೆ ಖಣದಲ್ಲಿ ದುಂಡು ತಲೆಯ ಆಕಾರ ತೆಗೆಯಬೇಕು. ತುಂಡುಗಳು ಕೂಡುವಲ್ಲಿ ದಂಡೆ ಸೊಟ್ಟ ಆಗಬಾರದು. ಒಳಗೆ ಹಳೇ ಧೋತರದ ಮೆತ್ತನೆ ಅಸ್ತರು. ದಾರದ ಗಂಟು ಕೂಸಿನ ನೆತ್ತಿಗೆ ಒತ್ತಬಾರದು. ಗದ್ದದ ಕೆಳಗಿನ ಕಸೆ ಬಿಗಿಯಲೂಬಾರದು, ಜಾರಲೂಬಾರದು. ಮಣಿ, ಕನ್ನಡಿ, ಗೊಂಡೆ ಎಲ್ಲ ಆಮೇಲಿನ ಮಾತು.

ನಮ್ಮ ಹೆಣ್ಮಕ್ಕಳು ಟೋಪಿ ಹಾಕಿದವರೇ ಅಲ್ಲ, ಇಲ್ಲೆಲ್ಲಿಯ ಟೋಪಿ ಕಸುಬು ಎಂದು ಹುನಗುಂದದ ಗೆಳೆಯನೊಬ್ಬ ವಾದಕ್ಕೆ ನಿಂತ. ಹೌದು, ಅವರ ತಲೆಯ ಮೇಲಿರುವುದು ಇಳಕಲ್ ಸೀರೆಯ ಕೆಂಪು ಟೋಪ್ ತೆನಿ ಸೆರಗು. (578ರಲ್ಲಿ ಮುಗಿದ ಬಾದಾಮಿಯ ಮೂರನೇ ಗುಹೆಯಲ್ಲಿ ಕಲ್ಲಿನ ಹೆಣ್ಣುಗಳ ತಲೆಯ ಸಿಂಗಾರ ನೋಡಿ ಬಾ ಎಂದೆವು, ಅದು ಬೇರೆ.) ತನ್ನ ತಲೆಗೆ ಸೆರಗು ಹೊದ್ದವಳೇ ಊರಿನ ಕೂಸುಗಳಿಗೆಲ್ಲ ಟೋಪಿ ಹೊಲಿದಿದ್ದಾಳಲ್ಲ, ಅದು ಕಸುಬಲ್ಲವೇ? ಗಂಡಸು ಪೇಟೆಯಲ್ಲಿ ಮಷಿನ್ ಇಟ್ಟರೆ ದರ್ಜಿ, ಹೆಂಗಸು ಪಡಸಾಲೆಯಲ್ಲಿ ಸೂಜಿ ಹಿಡಿದರೆ ಹೊತ್ತು ಕಳೆಯುವುದು!

2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಉಂಟು. ಅಂಗಡಿ ಬೋರ್ಡಿಲ್ಲದ, ಮಷಿನ್ನೂ ಇಲ್ಲದ ಈ ಅಜ್ಜಿಯರನ್ನು ಆ ಸಾಲಿನಲ್ಲಿ ನಿಲ್ಲಿಸಲು ಅಧಿಕಾರಿಗಳು ಊರೂರಿಗೆ ಬರಲಿ. ನೇಕಾರರನ್ನು ಎಣಿಸಲು ಬಂದವರು ಆ ಓಣಿಗಳಲ್ಲಿ ಕುಲಾವಿ ಹೊಲಿಯುವವರೆಷ್ಟು ಎಂದೂ ಕೇಳಲಿ. ಇನ್ನು ನಾವು, ಸುದ್ದಿಯವರು: ‘ಮರೆಯಾಗುತ್ತಿರುವ ಕಲೆ’ ಎಂದು ಕಣ್ಣೀರು ಹಾಕುವ ಮೊದಲು ರೇಟು ಕೇಳಿ ಬರೆಯೋಣ.

ಕಳೆದ ಬನಶಂಕರಿ ಜಾತ್ರೆಯಲ್ಲಿ ಕೇಳಿದೆವು. ಚಾಪೆಯ ಮೇಲೆ ಕುಲಾವಿ ಹರವಿಕೊಂಡು ಕೂತಿದ್ದ ಅಜ್ಜಿ ಬೆರಳು ಮಡಚಿ ಲೆಕ್ಕ ಒಪ್ಪಿಸಿದಳು. ಖಣದ ತುಂಡಿಗೆ ಇಷ್ಟು, ದಾರಕ್ಕೆ ಇಷ್ಟು, ಮಣಿಗೆ ಇಷ್ಟು, ಬಸ್ಸಿಗೆ ಇಷ್ಟು.

“ನಿಮ್ಮ ಕೂಲಿ ಎಷ್ಟ ಹಿಡದ್ರಿ, ಅವ್ವಾರ?”

“ಅದನ್ಯಾಕ ಹಿಡೀಲಿ ತಮ್ಮಾ? ಮನ್ಯಾಗ ಕುಂತ ಹೊಲದದ್ದಲ್ಲ.”

ಅಷ್ಟರಲ್ಲಿ ಗಿರಾಕಿಯೊಬ್ಬ ಹತ್ತು ರೂಪಾಯಿ ಕಡಿಮೆ ಮಾಡು ಎಂದ. ಮಾಡಿದಳು.